ಖಾನಾವಳಿಗೆ ಬಂದ ಆಲ್ಪ್ಸ್ ಮನೆಯ ಪಟ

ಸುರಪುರಕ್ಕೆ ಹೊರಟವನು ಶಹಾಪುರದಲ್ಲಿ ಇಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಇಲ್ಲಿಯ ಖಾನಾವಳಿಯ ಬಸಣ್ಣ ಹೋದ ಸಲ ನಾಲ್ಕು ಜನರೆದುರು, "ಮಾಸ್ತರಿಗೆ ಬರೇ ಪುಸ್ತಕ ಗೊತ್ತರಿ" ಎಂದಿದ್ದನ್ನು ನಾನು ಮರೆತಿಲ್ಲ. ಇಂದು ಅವನೇ ಒಂದು ಹಳೆಯ ಫೋಟೊ ಹಿಡಿದು ನನ್ನೆದುರು ನಿಂತ. ಶಿರವಾಳದ ಗುಡಿಗಳನ್ನು ನೋಡಲು ಬಂದ ಆಲ್ಪ್ಸ್ ಪರ್ವತದ ಕಡೆಯ ಹೆಣ್ಣುಮಗಳೊಬ್ಬಳು ಊಟ ಮೆಚ್ಚಿ ಕೊಟ್ಟುಹೋದ, ತನ್ನ ಅಜ್ಜನ ಮನೆಯ ಪಟವಂತೆ.

"ದೇವರ ಜಗಲಿ ಮ್ಯಾಲ ಇಡ್ಲೋ, ಗ್ವಾಡಿಗಿ ಹಾಕ್ಲೋ, ನೀವ ಹೇಳ್ರಿ."

ಕನ್ನಡಕ ಒರೆಸಿಕೊಂಡು ನೋಡಿದೆ. ಮರದ ಹಲಗೆಯ ತಗ್ಗು ಮಾಳಿಗೆಯ ಕೋಣೆ, ಮೂಲೆಯಲ್ಲಿ ಶಿಲುಬೆ. ಗೋಡೆಗೆ ಆನಿಸಿ, ಹೊಳೆಯುವ ಹೆಂಚಿನ ಬಿಲ್ಲೆಗಳನ್ನು ಹೊದಿಸಿ ಕಟ್ಟಿದ ಆಳೆತ್ತರದ ಚೌಕ ಕಟ್ಟೆ. ಅದರ ಸುತ್ತ ಕೂರಲು ಹಲಗೆ.

"ಇದು ಅವರ ಹಿರ್ಯಾರ ಸಮಾಧಿ, ಗದ್ದಿಗಿ. ಜಗಲಿ ಮ್ಯಾಲ ಇಡು" ಎಂದು ತೀರ್ಪಿತ್ತೆ. ಬಸಣ್ಣ ವಿಭೂತಿ ಹಚ್ಚಲು ಕೈಯೆತ್ತಿದ.

ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಎದ್ದುಬಂದು ಪಟಕ್ಕೆ ಕಣ್ಣಿಟ್ಟಳು. "ತಡಿಯೋ! ಗದ್ದಿಗಿ ಮ್ಯಾಲ ಯಾರರ ಹಿಂಗ ಕಾಲಚೀಲ ಒಣಾ ಹಾಕ್ತಾರೇನ್ರಿ, ಮಾಸ್ತರ್ರೀ? ಇದು ಒಲಿ."

"ಒಲಿ ಅಂದ್ರ ಬಾಯಿ ಎಲ್ಲೈತವ್ವಾ?" ಎಂದು ನಾನು ಪಟ್ಟು ಬಿಡದೆ ಕೇಳಿದೆ.

"ಗ್ವಾಡಿ ಆಚಿ ಕಡಿ, ಅಡಗಿ ಮನ್ಯಾಗ. ಹೊಗಿ ಅಲ್ಲಿ, ಬಿಸಿ ಇಲ್ಲಿ. ಬರ್ರಿ, ತೋರಸ್ತೀನಿ."

ತನ್ನ ಒಲೆಯ ಹಿಂದಿನ ಗೋಡೆಯ ಈಚೆ ಬದಿಗೆ ನನ್ನನ್ನು ಒರಗಿಸಿ ಕೂರಿಸಿದಳು. ಗೋಡೆ ಬೆಚ್ಚಗಿತ್ತು. ಬಸಣ್ಣ ನಕ್ಕ, ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. "ಗ್ವಾಡಿಗೇ ಹಾಕು" ಎಂದು ನಾನೇ ಹೇಳಬೇಕಾಯಿತು. ಹೇಳುವಾಗಲೂ ಬೆನ್ನನ್ನು ಅಲ್ಲಿಂದ ತೆಗೆಯಲಿಲ್ಲ.