ಕುರುಗೋಡಿನಲ್ಲಿ ಕುತ್ತಿಗೆ ಎಳೆಸಿದ್ದು

ನಾನು ಶಾಲೆ ಬಿಟ್ಟದ್ದು ೧೯೬೮ರಲ್ಲಿ, ಏಳನೇ ತರಗತಿಯ ನಡುವೆ. ಹಚ್ಚೊಳ್ಳಿಯಿಂದ ಸಿರುಗುಪ್ಪಕ್ಕೆ ಬಂದು ಅಕ್ಕಿ ಗಿರಣಿ ಸೇರಿದೆ. ಮೊದಲು ತೌಡು ಗುಡಿಸಿದೆ, ಮೀಸೆ ಬಂದ ಮೇಲೆ ಚೀಲ ಹೊತ್ತೆ. ಇಪ್ಪತ್ತೆರಡು ತುಂಬುವ ಹೊತ್ತಿಗೆ ನನ್ನಷ್ಟು ಎತ್ತರಕ್ಕೆ ಚೀಲ ಒಟ್ಟುವವರು ಅಲ್ಲಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಸಾಹುಕಾರರೇ ಎಲ್ಲರೆದುರು ಅಂದಿದ್ದರು: "ಈ ಸುಗ್ಗಿಗೆ ಇವನೇ ಮೇಸ್ತ್ರಿ."

ಸುಗ್ಗಿ ಹತ್ತಿರ ಬಂದಾಗಲೇ ಕುತ್ತಿಗೆ ಹಿಡಿಯಿತು. ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಬೇಕು. ಚೀಲ ಹೊತ್ತರೆ ಬಲಗೈ ಬೆರಳಲ್ಲಿ ಇರುವೆ ಹರಿದಂತೆ. ಸಾಹುಕಾರರಿಗೆ ತಿಳಿದರೆ ಮೇಸ್ತ್ರಿತನ ಹೋದಂತೆಯೇ.

ನನಗೊಬ್ಬ ಜೋಡಿಯಿದ್ದ. ದಿನವೂ ನನ್ನ ಬೆನ್ನಿಗೆ ಚೀಲ ಎತ್ತಿಕೊಡುವವ, ನನ್ನ ಗಂಗಾಳದಲ್ಲೇ ಉಂಡವ. "ಏನಲೇ, ಮದುಮಗನಂಗ ನೆಟ್ಟಗ ಕುಂತೀ?" ಎಂದು ಒಂದು ಮಧ್ಯಾಹ್ನ ನಕ್ಕ. ಅವನಿಗೆ ಮಾತ್ರ ಹೇಳಿದೆ.

"ಕುರುಗೋಡಿಗೆ ನಡಿ. ಅಲ್ಲೊಬ್ಬ ಉಸ್ತಾದ ಅದಾನ, ಕುತ್ತಿಗಿ ಎಳೀತಾನ."

ಉಸ್ತಾದ ಮುದಿ ಪೈಲ್ವಾನ. ಗರಡಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿಸಿದ. ಅವನಲ್ಲಿ ಒಂದು ರೀತಿಯಿತ್ತು: ತಲೆ ಎಳೆಯುವಾಗ ಮೈ ಜಾರದಂತೆ ಕಾಲು ಹಿಡಿಯಲು ನೋವಿನವನೇ ತನ್ನವನೊಬ್ಬನನ್ನು ಕರೆತರಬೇಕು. ಅಲ್ಲಿ ಕೇಳಿದ್ದನ್ನು ಹಾಗೆ ಬಂದವನು ಹೊರಗೆ ಆಡಬಾರದು. ನೋವಿನ ಜಾಗ ಎದುರಾಳಿಗೆ ತಿಳಿಯಬಾರದೆಂದು ಕುಸ್ತಿಯವರು ಮಾಡಿಕೊಂಡ ರೀತಿ ಅದು.

"ಇವ ನಿನಗ ಏನಾಗಬೇಕು?" ಎಂದು ಉಸ್ತಾದ ನನ್ನ ಕಾಲು ಹಿಡಿದು ಕೂತ ಗೆಳೆಯನನ್ನು ತೋರಿಸಿ ಕೇಳಿದ.

"ತಮ್ಮ ಅಂದ್ರ ತಮ್ಮರಿ" ಎಂದೆ.

ಬೆಚ್ಚಗಿನ ಔಡಲೆಣ್ಣೆ ಹಚ್ಚಿ ಕಿವಿಯ ಹಿಂದಿನಿಂದ ಹೆಗಲವರೆಗೆ ಹೆಬ್ಬೆರಳಲ್ಲಿ ತೀಡಿದ. ಆಮೇಲೆ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ನಾನು ಉಸಿರು ಬಿಟ್ಟಾಗಲೆಲ್ಲ ಮೆಲ್ಲಗೆ ತನ್ನತ್ತ ಎಳೆದ.

"ಒಮ್ಮಿಗೇ ಲಟಕ್ ಅನಸ್ರಿ."

"ಅದು ಕಟಿಂಗ್ ಶಾಪಿನ ಆಟ. ಸುಮ್ನ ಬಿದ್ಕೋ" ಎಂದು ಗದರಿದ. ನಾನು ಎದ್ದು ಕೂತಾಗ ಹೇಳಿದ: "ಹರೇದ ಕುತ್ತಿಗಿ, ಕೂಡ್ತೈತಿ. ಹದಿನೈದು ದಿನ ಭಾರ ಮುಟ್ಟಬ್ಯಾಡ. ಆಮ್ಯಾಲ ಹೊರು."

"ಊರಾಗ ಅವ್ವಗ ಜ್ವರ ಅಂತ ಹೇಳು" ಎಂದು ಗೆಳೆಯನನ್ನು ಗಿರಣಿಗೆ ಕಳಿಸಿ ನಾನು ಹಚ್ಚೊಳ್ಳಿಗೆ ಹೋದೆ.

ಹದಿನೈದು ದಿನ ಕಳೆದು ಬಂದಾಗ ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗುತ್ತಿತ್ತು. ಗಿರಣಿ ಬಾಗಿಲಲ್ಲಿ ಗೆಳೆಯ ಮೇಸ್ತ್ರಿಯಾಗಿ ನಿಂತು ಚೀಲ ಎಣಿಸುತ್ತಿದ್ದ.

ಸಾಹುಕಾರರು ನನ್ನನ್ನು ಕಂಡು ಲೊಚಗುಟ್ಟಿದರು. "ಜಲ್ಮದಾಗ ಇನ್ನ ಚೀಲ ಹೊರಾಂಗಿಲ್ಲ ಅಂದಾನಂತಲ್ಲಪಾ ಉಸ್ತಾದ?"

ತುಂಬಿದ ಚೀಲವೊಂದನ್ನು ಬೆನ್ನಿಗೆ ಹಾಕಿಸಿಕೊಂಡು ಒಟ್ಟಿಲಿನ ತುದಿಗೆ ಹತ್ತಿ, ಇಟ್ಟು, ಇಳಿದು ಬಂದೆ.

"ಇವತ್ತು ಹೊತ್ತಿ. ಸುಗ್ಗಿ ನಡುವ ಬಿದ್ರ?" ಎಂದು ಅವರು ಒಳಗೆ ಹೋದರು.

ಗೆಳೆಯ ಹತ್ತಿರ ಬಂದ. "ನಿನ್ನ ಒಳ್ಳೇದಕ್ಕ ಹೇಳಿದ್ನಿಲೇ."

"ಉಸ್ತಾದ ಹದಿನೈದು ದಿನ ಅಂದ. ನೀ ಜಲ್ಮ ಅಂದಿ."

ಅವನು ಚೀಲಗಳತ್ತ ತಿರುಗಿ ಇನ್ನೂ ಜೋರಾಗಿ ಎಣಿಸತೊಡಗಿದ.

ಅವನ ಕೈಕೆಳಗೆ ಹೊರುವುದು ನನ್ನಿಂದ ಆಗದು. ಅಂದೇ ಬಳ್ಳಾರಿ ಬಸ್ಸು ಹತ್ತಿದೆ. ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ಹೊತ್ತೆ, ಯಾರಿಗೂ ಕಡಿಮೆಯಿಲ್ಲದಂತೆ ಹೊತ್ತೆ. ಕುತ್ತಿಗೆ ಮತ್ತೆ ಹಿಡಿಯಲಿಲ್ಲ. ನಂತರ ಸ್ವಂತ ಬಂಡಿ ಕಟ್ಟಿದೆ. ಹೇರಲು ಆಯಾ ದಿನ ಸಿಕ್ಕ ಕೂಲಿಯವನನ್ನು ಕರೆಯುತ್ತೇನೆ. ಜೋಡಿ ಅಂತ ಯಾರನ್ನೂ ಮಾಡಿಕೊಂಡಿಲ್ಲ. ಈಗ ನನಗಿರುವುದು ಇಷ್ಟು: ಎರಡು ಎತ್ತು, ಒಂದು ಬಂಡಿ, ತಗಡಿನ ಎರಡು ಕೋಣೆ, ಹೆಂಡತಿ, ಮೂವರು ಮಕ್ಕಳು.