ಆಯುಧಪೂಜೆಯ ಮಂಜುಗಡ್ಡೆ

ಜೂನಿಯರ್ ತಂಡಕ್ಕೆ ಹತ್ತು ವರ್ಷ ತುಂಬುತ್ತಿದೆ, ಅದರ ಇತಿಹಾಸವನ್ನು ಎರಡು ಪುಟದಲ್ಲಿ ಬರೆದುಕೊಡಿ ಎಂದು ಕೋಚ್ ಕೇಳಿದಾಗ ಅದು ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ. ಮೂರು ವಾರ ಹಿಡಿಯಿತು. ಕುರ್ಚಿಯಲ್ಲಿ ಕೂರುತ್ತಿದ್ದೆ, ಎರಡು ಸಾಲು ಬರೆಯುತ್ತಿದ್ದೆ, ಎದ್ದು ಹೋಗಿ ಅಡುಗೆಮನೆಯ ನಲ್ಲಿ ಸೋರುತ್ತಿದೆಯೇ ಎಂದು ನೋಡುತ್ತಿದ್ದೆ. ಸೋರುತ್ತಿರಲಿಲ್ಲ. ಆದರೂ ಬಿಚ್ಚಿ ವಾಷರ್ ಬದಲಾಯಿಸುತ್ತಿದ್ದೆ. ನೈರೋಬಿಯ ಹೈರಿಡ್ಜ್‌ನ ನಮ್ಮ ಫ್ಲ್ಯಾಟಿನಲ್ಲಿ ಬಿಗಿ ಮಾಡದ ಸ್ಕ್ರೂ ಒಂದೂ ಉಳಿಯಲಿಲ್ಲ. ಹೆಂಡತಿಗೆ ನನ್ನ ಓಡಾಟ ನೋಡಿ ತಲೆಚಿಟ್ಟು ಹಿಡಿಯಿತು.

"ಸುಮ್ನೆ ಬರ್ದು ಕೊಡ್ರೀ. ಮಕ್ಕಳ ಟೀಮು, ದೇಶದ ಸಂವಿಧಾನ ಅಲ್ಲ," ಎಂದಳು.

ನೈರೋಬಿಯಲ್ಲಿ ಐಸ್ ಹಾಕಿ ಎಂದರೆ ಮೈಸೂರಿನ ನನ್ನ ತಮ್ಮ ಇವತ್ತಿಗೂ ಫೋನಿನಲ್ಲಿ ನಗುತ್ತಾನೆ. ನಗಲಿ. ಇಲ್ಲಿ ಒಂದು ವಾಣಿಜ್ಯ ಕಟ್ಟಡದೊಳಗೆ ಮಂಜುಗಡ್ಡೆಯ ಅಂಗಳವಿದೆ. ಅದು ಚಿಕ್ಕದು, ಎರಡು ಕಡೆಯಿಂದ ಮೂರು ಮೂರು ಜನ ಮತ್ತು ಒಬ್ಬೊಬ್ಬ ಗೋಲ್‌ಕೀಪರ್ ಇಳಿದರೆ ತುಂಬಿಹೋಗುತ್ತದೆ. ಭಾನುವಾರ ಬೆಳಗ್ಗೆ, ಜಾರಾಟದ ಗಿರಾಕಿಗಳು ಬರುವ ಮೊದಲು, ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡುತ್ತಿದ್ದರು. ಮೊದಲು ಐದು ಮಕ್ಕಳಿದ್ದರು, ಆಮೇಲೆ ಎಂಟಾದರು. ಇಬ್ಬರು ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಾಯಿಸಿಕೊಂಡು ಬರುತ್ತಿದ್ದರು. ತಲೆಗೆ ಸೈಕಲ್ ಹೆಲ್ಮೆಟ್ಟು. ಗೋಲಿನ ಕಂಬಗಳು ನಾನು ಅಂಟಿಸಿದ ನೀರಿನ ಪೈಪು, ಬಲೆ ಈರುಳ್ಳಿ ಚೀಲ. ಗೋಲ್‌ಕೀಪರ್ ನನ್ನ ಮಗಳು. ಅವಳ ಕಾಲಿಗೆ ಕಟ್ಟಿದ್ದು ನಾನು ಕಾಲೇಜಿನಲ್ಲಿ ಕ್ರಿಕೆಟ್ ಆಡುವಾಗಿನ ಪ್ಯಾಡು. ಆಗ ಅವಳಿಗೆ ಹದಿನಾಲ್ಕು ವರ್ಷ.

ಇಷ್ಟನ್ನು ಬರೆಯುವುದು ಸುಲಭವಾಯಿತು. ಇದರ ಮುಂದಿನದೇ ಕಷ್ಟ.

ನಾನು ಇಲ್ಲಿ ಭಾರತೀಯರ ಔಷಧಿ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ತಣ್ಣಗಿಡುವ ಯಂತ್ರಗಳೇ ನನ್ನ ಕಸುಬು. ಅದು ಗೊತ್ತಾದ ದಿನವೇ ಕೋಚ್ ನನ್ನನ್ನು ಅಂಗಳದ ಹಿಂದಿನ ಯಂತ್ರದ ಕೋಣೆಗೆ ಕರೆದೊಯ್ದು ಹಳೆಯ ಕಂಪ್ರೆಸರ್ ತೋರಿಸಿದರು. ಅದನ್ನು ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಮೆಕ್ಯಾನಿಕ್ ಒಬ್ಬರು. ಎಲ್ಲರೂ ಅವರನ್ನು ಫುಂಡಿ ಎಂದೇ ಕರೆಯುತ್ತಿದ್ದರು. ವಾರಕ್ಕೊಮ್ಮೆ ಹೋಗಿ ಅವರ ಜೊತೆ ಎಣ್ಣೆ, ಒತ್ತಡ, ಪೈಪು ಪರೀಕ್ಷೆ ಮಾಡತೊಡಗಿದೆ. ಡಿಗ್ರಿ ಇರುವವನು ನಾನು, ಆ ಯಂತ್ರದ ಕೆಮ್ಮು, ನೆಗಡಿ ಗೊತ್ತಿದ್ದದ್ದು ಅವರಿಗೆ. ಆ ವ್ಯತ್ಯಾಸ ನನಗೆ ಆಗ ಅರ್ಥವಾಗಿರಲಿಲ್ಲ.

ಎರಡು ವರ್ಷ ಆ ಎಂಟು ಮಕ್ಕಳು ತಮ್ಮ ತಮ್ಮಲ್ಲೇ ಆಡಿದರು. ಯಾರು ಯಾವ ಕಡೆ ತಿರುಗುತ್ತಾರೆ, ಯಾರು ಹೊಡೆಯುವ ಮುಂಚೆ ನಾಲಿಗೆ ಕಚ್ಚುತ್ತಾರೆ, ಎಲ್ಲವೂ ಎಲ್ಲರಿಗೂ ಬಾಯಿಪಾಠ. ಆಡಲು ಬೇರೆ ತಂಡವೇ ಇರಲಿಲ್ಲ. ಆಗ ದಕ್ಷಿಣ ಆಫ್ರಿಕಾದ ಮಕ್ಕಳ ತಂಡವೊಂದು ಯಾವುದೋ ಟೂರ್ನಿಗೆ ಹೋಗುವ ದಾರಿಯಲ್ಲಿ ನೈರೋಬಿಯಲ್ಲಿ ಒಂದು ದಿನ ಇಳಿಯುತ್ತದೆ ಎಂದು ಕೋಚ್‌ಗೆ ತಿಳಿಯಿತು. ಹತ್ತಾರು ಫೋನು ಮಾಡಿ, ಕಾಡಿ ಬೇಡಿ, ಶನಿವಾರ ಬೆಳಗ್ಗೆ ಹತ್ತಕ್ಕೆ ಒಂದು ಪಂದ್ಯ ಒಪ್ಪಿಸಿದರು. ಸಂಜೆಯ ವಿಮಾನಕ್ಕೆ ಅವರು ಹೊರಡಬೇಕಿತ್ತು.

ನನ್ನ ಮಗಳಿಗೆ ಮುಂದಿನ ತಿಂಗಳು ಹದಿನಾರು ತುಂಬುತ್ತಿತ್ತು. ಹದಿನಾರಾದವರು ಜೂನಿಯರ್ ಅಲ್ಲ. ದೊಡ್ಡ ಹುಡುಗಿಯರಿಗೆ ತಂಡವೇ ಇರಲಿಲ್ಲ. ಆ ಪಂದ್ಯ ಆಡಿದರೆ ಆಡಿದಳು, ಇಲ್ಲವಾದರೆ ಇಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ವಾರ ಅವಳು ಊಟದ ಮೇಜಿನ ಬಳಿಯೂ ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ ನಿಲ್ಲುತ್ತಿದ್ದಳು.

ಪಂದ್ಯದ ಹಿಂದಿನ ದಿನ, ಶುಕ್ರವಾರ, ಆಯುಧಪೂಜೆ ಬಂತು.

ನಮ್ಮ ಕಾರ್ಖಾನೆಯಲ್ಲಿ ಆ ದಿನ ಯಂತ್ರಗಳಿಗೆ ರಜೆ. ತೊಳೆದು, ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತೇವೆ. ವರ್ಷವಿಡೀ ದುಡಿದ ಯಂತ್ರ ಪೂಜೆಯ ಹೊತ್ತಿನಲ್ಲಿ ಸದ್ದು ಮಾಡಬಾರದು. ಇದನ್ನು ನನಗೆ ಯಾರೂ ಕೂರಿಸಿ ಕಲಿಸಿಲ್ಲ. ನಮ್ಮಪ್ಪನ ಹಿಟ್ಟಿನ ಗಿರಣಿಯಲ್ಲೂ ಹೀಗೇ ಇತ್ತು. ಮನೆಯಲ್ಲಿ ಮಿಕ್ಸಿಯನ್ನೂ ಅವತ್ತು ಮುಟ್ಟುವುದಿಲ್ಲ. ಕಾರ್ಖಾನೆಯ ಪೂಜೆ ಮುಗಿಸಿ, ಉಳಿದ ಹೂವು, ಕುಂಕುಮ, ನಾಲ್ಕು ನಿಂಬೆಹಣ್ಣು ಕವರಿನಲ್ಲಿ ಹಾಕಿಕೊಂಡು ನಾನು ಸೀದಾ ಅಂಗಳಕ್ಕೆ ಹೋದೆ. ನಾಳೆ ಮಗಳ ಪಂದ್ಯ. ಮಕ್ಕಳನ್ನು ಎರಡು ವರ್ಷ ಸಾಕಿದ ಯಂತ್ರಕ್ಕೆ ಇವತ್ತು ಕೈ ಮುಗಿಯದೆ ಇನ್ಯಾವಾಗ ಮುಗಿಯುವುದು ಎಂದುಕೊಂಡೆ.

ಸ್ವಿಚ್ಚಿನ ಮೇಲೆ ಕೈ ಇಟ್ಟಾಗ ಫುಂಡಿ ಓಡಿ ಬಂದರು.

"ಉಸಿಝಿಮೆ, ಮ್ಝೀ! ಆರಿಸಬೇಡಿ, ಯಜಮಾನ್ರೇ. ಇದು ನಿಂತರೆ ಮತ್ತೆ ಏಳೋದು ಕಷ್ಟ."

"ಅರ್ಧ ಗಂಟೆ ಅಷ್ಟೇ. ಅರ್ಧ ಗಂಟೆಯಲ್ಲಿ ಐಸ್ ಕರಗಲ್ಲ, ನನಗೆ ಗೊತ್ತು," ಎಂದೆ.

ಲೆಕ್ಕ ಸರಿಯಾಗಿತ್ತು. ಅರ್ಧ ಗಂಟೆಗೆ ಐಸ್ ಕರಗುವುದಿಲ್ಲ. ಆರಿಸಿದೆ. ಕೋಣೆ ನಿಶ್ಶಬ್ದವಾಯಿತು. ಕುಂಕುಮ ಇಟ್ಟೆ, ಹಾರ ಹಾಕಿದೆ, ಕರ್ಪೂರ ಬೆಳಗಿದೆ, ನಿಂಬೆಹಣ್ಣು ತುಳಿದೆ. ಫುಂಡಿ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. ಮನಸ್ಸು ತುಂಬಿ ಬಂದಿತ್ತು. ಆಮೇಲೆ ಸ್ವಿಚ್ ಒತ್ತಿದೆ. ಚಟ್ ಎಂದು ಒಂದು ಸದ್ದು, ಸುಟ್ಟ ವಾಸನೆ. ಸ್ಟಾರ್ಟರ್ ಹೋಗಿತ್ತು.

ನೈರೋಬಿ ನಡುಪೇಟೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸ್ಟಿಯರಿಂಗ್ ಗುದ್ದಿದೆ. ಆ ಹಳೆಯ ಮಾದರಿಯದು ಎಲ್ಲೂ ಇರಲಿಲ್ಲ. ವಾಪಸು ಬರುವಷ್ಟರಲ್ಲಿ ಅಂಗಳದ ಮೇಲೆ ನೀರು ನಿಂತಿತ್ತು, ಫುಂಡಿ ವೈಪರ್ ಹಿಡಿದು ತಳ್ಳುತ್ತಿದ್ದರು. ಕೋಚ್ ಬಂದರು, ಮಗಳು ಸ್ಕೂಲಿನಿಂದ ನೇರವಾಗಿ ಬಂದಳು. ಹಾರವನ್ನು ಅಷ್ಟರಲ್ಲಿ ನಾನೇ ಕಿತ್ತು ಕವರಿಗೆ ಹಾಕಿಬಿಟ್ಟಿದ್ದೆ.

"ಏನಾಯ್ತು ಪಪ್ಪಾ?"

"ವೋಲ್ಟೇಜ್ ಏರುಪೇರಾಗಿ ಸ್ಟಾರ್ಟರ್ ಸುಟ್ಟೋಯ್ತಮ್ಮ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಎಂಜಿನಿಯರ್ ಹೇಳಿದ ಮೇಲೆ ಯಾರು ಕೇಳುತ್ತಾರೆ? ಫುಂಡಿ ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ. "ಸಾವಾ," ಸರಿ, ಎಂದಷ್ಟೇ ಹೇಳಿ ಮತ್ತೆ ನೀರು ತಳ್ಳಲು ಹೋದರು. ನಾಲ್ಕು ವರ್ಷದ ನಂತರ ಕೆಲಸ ಬಿಟ್ಟು ಊರಿಗೆ ಹೋಗುವವರೆಗೂ ಅವರು ಯಾರಿಗೂ ಒಂದು ಮಾತು ಹೇಳಲಿಲ್ಲ. ಅವರ ಆ ಮೌನ ನನ್ನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿದೆ.

ಶನಿವಾರ ಬೆಳಗ್ಗೆ ಬಂದ ತಂಡದವರು ಕೆಸರಿನಂತಾದ ಐಸ್ ನೋಡಿ, ನಮ್ಮ ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋದರು. ಮಗಳು ಪ್ಯಾಡು ಕಟ್ಟಿಕೊಂಡೇ ನಿಂತಿದ್ದಳು. ಅಳಲಿಲ್ಲ. ಮುಂದಿನ ವರ್ಷ ತಂಡ ಹೊರಗಿನವರ ಜೊತೆ ಪಂದ್ಯ ಆಡಿತು, ಆಮೇಲೆ ಪ್ರತಿ ವರ್ಷ ಆಡುತ್ತಾ ಬಂತು. ಅವಳು ಆಡಲಿಲ್ಲ. ಚಿಕ್ಕವರಿಗೆ ಕಲಿಸತೊಡಗಿದಳು, ಇವತ್ತಿಗೂ ಕಲಿಸುತ್ತಾಳೆ. ಕರೆಂಟ್ ಹೋಗಿ ಮಕ್ಕಳು ಗೊಣಗಿದಾಗಲೆಲ್ಲ, ನಮ್ಮ ಮೊದಲ ಪಂದ್ಯ ತಿಂದದ್ದೂ ಈ ವೋಲ್ಟೇಜೇ ಎಂದು ಅವಳು ಹೇಳುವುದನ್ನು ನಾನು ಬೆಂಚಿನ ಮೇಲೆ ಕೂತು ಕೇಳಿದ್ದೇನೆ. ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗಿದ್ದೇನೆ.

ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಬರೆದೆ. ಒಂದರಲ್ಲಿ ವೋಲ್ಟೇಜು, ಇನ್ನೊಂದರಲ್ಲಿ ನಾನು. ಸಮಾರಂಭದ ದಿನ ಬೆಳಗ್ಗೆಯವರೆಗೂ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಅದನ್ನು ಓದಬೇಕಾದವಳು ನನ್ನ ಮಗಳೇ ಎಂದು ಕೋಚ್ ಹೇಳಿದ ಮೇಲೆ ಮೊದಲನೆಯದನ್ನು ಹರಿದು ಹಾಕಿದೆ. ಮುಂಚೆಯೇ ಅವಳ ಕೈಗೆ ಕೊಟ್ಟು ಓದಿಸಬೇಕಿತ್ತು. ಅಷ್ಟು ಧೈರ್ಯ ನನಗಿರಲಿಲ್ಲ. ಮೈಕಿನ ಮುಂದೆ ಹೋಗುವಾಗ ಕೊಟ್ಟೆ.

ಅವಳು ಚೆನ್ನಾಗಿ ಓದಿದಳು. ಈರುಳ್ಳಿ ಚೀಲದ ಬಲೆಗೆ ಎಲ್ಲರೂ ನಕ್ಕರು. ಆ ಶುಕ್ರವಾರಕ್ಕೆ ಬಂದಾಗ ನಿಂತಳು. ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲುಗಳನ್ನು ಕಣ್ಣಲ್ಲೇ ಓದಿಕೊಂಡಳು, ಆಮೇಲೆ ಒಂದು ಪದ ಬಿಡದೆ ಗಟ್ಟಿಯಾಗಿ ಓದಿದಳು. ಕೆಲವು ತಂದೆತಾಯಿಯರಿಗಾಗಿ ಅದನ್ನೇ ಸ್ವಾಹಿಲಿಯಲ್ಲೂ ಹೇಳಿದಳು. ಕೋಚ್ ತಲೆಯ ಟೋಪಿ ತೆಗೆದು, "ಮ್ಝೀ, ಎಂಟು ವರ್ಷದಿಂದ ಕರೆಂಟಿಗೆ ಶಾಪ ಹಾಕ್ತಾ ಇದ್ದೀನಲ್ಲ!" ಎಂದು ಜೋರಾಗಿ ನಕ್ಕರು. ಎಲ್ಲರೂ ನಕ್ಕರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಮೈಕಿನ ಮುಂದಿದ್ದವಳನ್ನು ಕೇಳಿದಳು: "ಕೋಚ್, ಹಾಗಾದ್ರೆ ನೀವು ಒಂದು ಮ್ಯಾಚೂ ಆಡಿಲ್ವಾ?"

"ಇಲ್ಲ," ಎಂದಳು ನನ್ನ ಮಗಳು. "ಒಂದೂ ಇಲ್ಲ."

ಮನೆಗೆ ಹೊರಟಾಗ ಕಾರಿನ ಕೀ ಅವಳೇ ತೆಗೆದುಕೊಂಡಳು. ನಾನು ಪಕ್ಕದಲ್ಲಿ ಕೂತು ಸೀಟ್‌ಬೆಲ್ಟ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಅರ್ಧ ದಾರಿ ಬಂದ ಮೇಲೆ ಅವಳು ಮಾತಾಡಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ಕನ್ನಡ ಹುಡುಕಿ ಹುಡುಕಿ ಆಡಿದಳು.

"ಅವತ್ತೇ ಹೇಳಿದ್ರೆ ನಾನು ಎರಡು ದಿನ ಕೂಗಾಡ್ತಿದ್ದೆ ಪಪ್ಪಾ. ಡೋರ್ ಒದೀತಿದ್ದೆ. ಆಮೇಲೆ ಮುಗೀತಿತ್ತು. ಈಗ ನಿಮಗೆ ವಯಸ್ಸಾಗಿದೆ, ಬಿಪಿ ಇದೆ. ಈಗ ನಾನು ಹೇಗೆ ಕೂಗ್ಲಿ?"

"ಕೂಗು ಮಗಳೇ," ಎಂದೆ. "ನಂಗೇನೂ ಆಗಲ್ಲ. ಕೂಗು."

ಅವಳು ಗೇರ್ ಬದಲಾಯಿಸಿದಳು. ಸಿಗ್ನಲ್ ಬಂತು, ನಿಂತಳು, ಹೊರಟಳು. ಮನೆ ತಲುಪುವವರೆಗೂ ನಾನು ಕಾದೆ. ಅವಳು ಕೂಗಲಿಲ್ಲ.