ಇ-ಪುಸ್ತಕದ ಬಿಡುಗಡೆ

ಈ ಸಲ ನನ್ನ ಕಾದಂಬರಿ ಅಚ್ಚಾಗಲಿಲ್ಲ. "ಈಗ ಇ-ಬುಕ್ಕೇ ಜಾಸ್ತಿ ಹೋಗ್ತಿರೋದು ಸಾರ್. ಪ್ರಿಂಟ್ ಹಾಕ್ಸಿದ್ರೆ ಗೋಡೌನ್ ತುಂಬುತ್ತೆ, ಅಷ್ಟೇ" ಎಂದರು ಪ್ರಕಾಶಕರು. ವಾದ ಮಾಡುವಷ್ಟು ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ. ಆಗಲಿ ಎಂದೆ.

ಆದರೆ ಸಮಾರಂಭ ಮಾತ್ರ ಆಗಲೇಬೇಕಂತೆ. ಭಾನುವಾರ ಬೆಳಿಗ್ಗೆ ಬಸವನಗುಡಿಯ ಸಭಾಂಗಣದಲ್ಲಿ ಉಪ್ಪಿಟ್ಟು, ಕೇಸರಿಬಾತು, ಪ್ರಾರ್ಥನೆ, ಮುಗಿಯದ ಸ್ವಾಗತ ಭಾಷಣ ಎಲ್ಲವೂ ಎಂದಿನಂತೆಯೇ ಇದ್ದವು. ಮೊಬೈಲಿನಲ್ಲಿ ಓದುವ ಪುಸ್ತಕವನ್ನು ವೇದಿಕೆಯ ಮೇಲೆ ಅದು ಹೇಗೆ ಬಿಡುಗಡೆ ಮಾಡುತ್ತಾರೋ ಎಂದುಕೊಳ್ಳುತ್ತಿರುವಾಗಲೇ ತಟ್ಟೆ ಬಂತು. ಅದರಲ್ಲಿ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪೊಟ್ಟಣಗಳಿದ್ದವು. ಅಧ್ಯಕ್ಷರು, ಮುಖ್ಯ ಅತಿಥಿಗಳು, ನಾನು ಒಂದೊಂದನ್ನು ಬಿಚ್ಚಿದೆವು. ಹೊಸ ಕಾದಂಬರಿಯ ಮುಖಪುಟವನ್ನು ಪ್ರಿಂಟ್ ತೆಗೆದು, ಶಾಲೆಯ ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ, ಬೇರೆ ಯಾವುದೋ ಪುಸ್ತಕಕ್ಕೆ ಹೊದಿಸಿದ್ದರು. ಎದೆಯ ಮಟ್ಟಕ್ಕೆ ಹಿಡಿದು ಎಲ್ಲರೂ ಫೋಟೋಗೆ ನಕ್ಕೆವು. ಸಭಿಕರು ಚಪ್ಪಾಳೆ ತಟ್ಟಿದರು.

ಕುರ್ಚಿಗೆ ಮರಳಿದ ಮೇಲೆ ಹೊದಿಕೆಯನ್ನು ಸ್ವಲ್ಪ ಸರಿಸಿ ನೋಡಿದೆ. ಒಳಗಿದ್ದದ್ದು ನನ್ನದೇ ಹಳೆಯ ಕಾದಂಬರಿ. ಮಾರಾಟವಾಗದೆ ಇಷ್ಟು ವರ್ಷ ಗೋಡೌನಿನಲ್ಲಿ ಬಿದ್ದಿತ್ತು ಅಂತ ಕಾಣುತ್ತದೆ. ಹಾಳೆಗಳ ಅಂಚು ಹಳದಿಯಾಗಿತ್ತು. ಸಿಟ್ಟೂ ಬರಲಿಲ್ಲ. ಪಾಪ, ಇದಾದರೂ ಮನೆಗೆ ಬರಲಿ ಎಂದು, ಸಭೆ ಮುಗಿದ ಮೇಲೆ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಪ್ರಕಾಶಕರು ಓಡಿ ಬಂದರು.

"ಪುಸ್ತಕ ಇಲ್ಲಿ ಕೊಡಿ ಸಾರ್. ಮುಂದಿನ ವಾರ ಇನ್ನೊಬ್ಬರ ಇ-ಬುಕ್ ಬಿಡುಗಡೆ ಇದೆ. ಕವರ್ ಬೇಕಾದ್ರೆ ನೀವೇ ಇಟ್ಕೊಳ್ಳಿ."